ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ

ಬೆಳಿಗ್ಗೆ ಒಂಬತ್ತೂಕಾಲಕ್ಕೆ ಗಲಗಲಿಯ ಚಹಾದಂಗಡಿ ಮುಂದೆ ನಿಂತು ನೋಡಿ. ಮೊದಲೆಲ್ಲ ಆ ಹೊತ್ತಿಗೆ ಹುಡುಗರು ಜಮಖಂಡಿ ಬಸ್ಸು ಬಂತೇ, ಕಬ್ಬು ಕಡಿಯುವ ಗ್ಯಾಂಗು ನಮ್ಮ ಹೊಲಕ್ಕೆ ಯಾವಾಗ ಬರುತ್ತದೆ ಎಂದು ಮಾತಾಡುತ್ತಿದ್ದರು. ಈಗ ಎಲ್ಲರ ಕಣ್ಣೂ ಮೊಬೈಲಿನ ಮೇಲೆ. ಹಸಿರು ಕಂಡರೆ ಮುಖ ಅರಳುತ್ತದೆ, ಕೆಂಪು ಕಂಡರೆ ಕೈಯಲ್ಲಿನ ಚಹಾ ಆರಿ ಹೋಗುತ್ತದೆ. ಷೇರು ಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಕಬ್ಬಿನ ಬಿಲ್ಲಿನಲ್ಲೋ ಮಗ್ಗದ ಕೂಲಿಯಲ್ಲೋ ಉಳಿದ ನಾಲ್ಕು ಕಾಸನ್ನು ಒಳ್ಳೆಯ ಕಂಪನಿಯಲ್ಲಿ ಹಾಕಿದರೆ ಒಳ್ಳೆಯದೇ. ನನ್ನ ಸಿಟ್ಟೆಲ್ಲ ಒಂದೇ ವಿಷಯಕ್ಕೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ ಕೊಳ್ಳುವ ನೀವು, ಷೇರಿನ ವ್ಯವಹಾರದ ಕಾಯ್ದೆಯನ್ನು ಒಂದು ಸಲವೂ ಓದದೆ ಬಟನ್ ಒತ್ತುತ್ತೀರಲ್ಲ!

ನಾನು ಬ್ಯಾಂಕಿನ ಕೌಂಟರಿನ ಹಿಂದೆ ಬಹಳ ವರ್ಷ ಕೂತವಳು. ನಿವೃತ್ತಿಯಾದ ಮೇಲೂ ಓಣಿಯ ಮಕ್ಕಳು ಕಾಗದ ಹಿಡಿದು ಮನೆಗೆ ಬರುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಬಂದ. ಮುಖ ಸಣ್ಣದಾಗಿತ್ತು. "ಅತ್ತೀ, ನಾ ಷೇರ್ ಮಾರೇನಿ. ಆದ್ರ ಆಕ್ಷನ್ ಅಂತ ಬರ್ದು ಐದು ಸಾವಿರ ರೂಪಾಯಿ ಯಾಕ ಹಿಡದಾರ?" ಎಂದ. ಅವನ ಮೊಬೈಲನ್ನು ತೆಗೆದುಕೊಂಡು ಒಂದೊಂದೇ ಸಾಲು ನೋಡಿದೆ. ಹುಡುಗ ಮೋಸ ಮಾಡಿರಲಿಲ್ಲ, ಅವನಿಗೂ ಯಾರೂ ಮೋಸ ಮಾಡಿರಲಿಲ್ಲ. ತನ್ನ ಕೈಯಲ್ಲಿ ಇಲ್ಲದ್ದನ್ನು ಮಾರಿದ್ದ, ಅಷ್ಟೇ. ಅವನ ಲೆಕ್ಕವನ್ನು ಆಮೇಲೆ ಬಿಡಿಸಿ ಹೇಳುತ್ತೇನೆ. ಮೊದಲು ಬುಡದ ಮಾತು ಕೇಳಿ.

ಷೇರುಪೇಟೆಯಲ್ಲಿ ಬಟನ್ ಒತ್ತಿದ ಕೂಡಲೇ ವ್ಯಾಪಾರ ಕುದುರುತ್ತದೆ, ಆದರೆ ಮುಗಿಯುವುದಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಸವಾಲು ಮುಗಿದ ಮೇಲೂ ತೂಕವಾಗಬೇಕು, ಬೆಲ್ಲ ಗಾಡಿಗೆ ಏರಬೇಕು, ಪಟ್ಟಿ ಬರೆಯಬೇಕು, ರೊಕ್ಕ ಕೈ ಸೇರಬೇಕು. ಇಲ್ಲಿಯೂ ಹಾಗೆಯೇ. ಕೊಂಡವನ ಡಿಮ್ಯಾಟ್ ಖಾತೆಗೆ ಷೇರು, ಮಾರಿದವನ ಖಾತೆಗೆ ಹಣ ಮುಟ್ಟುವುದಕ್ಕೆ ಸೆಟಲ್‌ಮೆಂಟ್ ಎನ್ನುತ್ತಾರೆ. 2003ರ ಏಪ್ರಿಲ್‌ನಿಂದ ಇದಕ್ಕೆ ಎರಡು ವಹಿವಾಟಿನ ದಿನ ಬೇಕಾಗುತ್ತಿತ್ತು. 2023ರ ಜನವರಿ 27ರಿಂದ ಒಂದೇ ದಿನಕ್ಕೆ ಇಳಿಯಿತು. ಸೋಮವಾರ ಕೊಂಡರೆ ಮಂಗಳವಾರ ಷೇರು ಬರುತ್ತದೆ. ಇದನ್ನೇ ಟಿ+1 ಎನ್ನುವುದು. ಶನಿವಾರ, ಭಾನುವಾರ, ಪೇಟೆಯ ರಜೆ ಲೆಕ್ಕಕ್ಕಿಲ್ಲ. ಪೇಟೆ ತೆರೆದಿದ್ದರೂ ಬ್ಯಾಂಕು ಮುಚ್ಚಿರುವ ದಿನಗಳಲ್ಲಿ ಸೆಟಲ್‌ಮೆಂಟ್ ನಡೆಯುವುದಿಲ್ಲ. ಬ್ಯಾಂಕುಗಳ ವಾರ್ಷಿಕ ಲೆಕ್ಕದ ಏಪ್ರಿಲ್ 1 ಅಂಥದೊಂದು ದಿನ. ಅಂದು ಹಣವೂ ಕದಲದು, ಷೇರೂ ಕದಲದು. ಇಲ್ಲಿ ನೋಡಬೇಕಾದದ್ದು ಮುಂಬೈಯ ರಜೆಪಟ್ಟಿಯನ್ನು, ನಮ್ಮ ಬೀಳಗಿ ಬ್ಯಾಂಕಿನದನ್ನಲ್ಲ.

ಈ ಒಂದು ದಿನದ ಅಂತರದಲ್ಲಿಯೇ ಎಲ್ಲ ಎಡವಟ್ಟು ಆಗುವುದು. ಅದನ್ನು ಕಾಯುವ ತಾಳ್ಮೆ ಇದ್ದವನಿಗೆ ಮುಕ್ಕಾಲು ಪಾಲು ತೊಂದರೆ ಬರುವುದೇ ಇಲ್ಲ.

ಇಂದು ಕೊಂಡು ನಾಳೆ ಮಾರುವ ಚಾಳಿಯನ್ನೇ ತೆಗೆದುಕೊಳ್ಳಿ. ಪೇಟೆಯಲ್ಲಿ ಇದಕ್ಕೆ ಬಿಟಿಎಸ್‌ಟಿ ಎಂಬ ಹೆಸರಿದೆ. ಸೋಮವಾರ ಕೊಂಡಿರಿ, ಮಂಗಳವಾರ ಬೆಳಿಗ್ಗೆ ಬೆಲೆ ಏರಿತು, ಮಾರಿಬಿಟ್ಟಿರಿ. ಆದರೆ ಆ ಗಳಿಗೆಯಲ್ಲಿ ಷೇರು ನಿಮ್ಮ ಡಿಮ್ಯಾಟ್‌ಗೆ ಬಂದೇ ಇಲ್ಲ. ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಷೇರು ಬರುತ್ತದೆ, ಮುಂದಿನವನಿಗೆ ಹೋಗುತ್ತದೆ. ಆದರೆ ನಿಮಗೆ ಮಾರಿದವನೇ ಕೈಕೊಟ್ಟರೆ? ಅವನು ಕೊಡದಿದ್ದರೆ ನಿಮಗೆ ಇಲ್ಲ, ನಿಮಗೆ ಇಲ್ಲದಿದ್ದರೆ ನಿಮ್ಮಿಂದ ಕೊಂಡವನಿಗೂ ಇಲ್ಲ. ಆಗ ಎಕ್ಸ್‌ಚೇಂಜ್ ಸುಮ್ಮನಿರುವುದಿಲ್ಲ, ಹರಾಜಿನಲ್ಲಿ, ಅಂದರೆ ಆಕ್ಷನ್‌ನಲ್ಲಿ, ಆ ಷೇರು ಕೊಂಡು ಅವನಿಗೆ ಕೊಡುತ್ತದೆ. ಹೆಚ್ಚಿನ ಬೆಲೆ ಬಿದ್ದರೆ ಆ ವ್ಯತ್ಯಾಸ ನಿಮ್ಮ ತಲೆಗೆ. ತಪ್ಪು ಬೇರೆಯವನದಾದರೂ ದಂಡ ಮೊದಲು ನಿಮ್ಮ ಲೆಡ್ಜರಿನಲ್ಲಿ ಕಾಣುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ. ನಿಮ್ಮ ಆ್ಯಪಿನಲ್ಲಿ ಷೇರಿನ ಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಟಿ1 ಎಂದಿದ್ದರೆ, ಅದು ಇನ್ನೂ ದಾರಿಯಲ್ಲಿದೆ ಎಂದರ್ಥ. ಆ ಗುರುತು ಹೋಗುವವರೆಗೆ ಬೆರಳನ್ನು ಹಿಡಿತದಲ್ಲಿಡಿ. ಯಾರೂ ಹೆಚ್ಚು ಕೊಂಡು ಮಾರದ ಸಣ್ಣ ಕಂಪನಿಯ ಷೇರಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅಂಥ ಕಡೆಯೇ ಷೇರು ಬಾರದೆ ನಿಲ್ಲುವುದು.

ಈಗ ಆ ಹುಡುಗನ ಲೆಕ್ಕ. ಅವನು ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಬೆಲೆ ಇಳಿಯುತ್ತದೆಂದು ನಂಬಿ, ತನ್ನ ಬಳಿ ಒಂದೂ ಇಲ್ಲದ ಷೇರನ್ನು ಬೆಳಿಗ್ಗೆ ಹನ್ನೊಂದಕ್ಕೆ ₹150ರಂತೆ 200 ಮಾರಿದ್ದ. ಸಂಜೆಯೊಳಗೆ ಅಗ್ಗಕ್ಕೆ ಕೊಂಡು ಸರಿದೂಗಿಸುವುದು ಅವನ ಯೋಚನೆ. ಒಂದೇ ದಿನದಲ್ಲಿ ಮಾರಿ ಕೊಂಡು ಮುಗಿಸುವುದಾದರೆ ಇದಕ್ಕೆ ಕಾಯ್ದೆಯ ಒಪ್ಪಿಗೆ ಇದೆ. ಮಧ್ಯಾಹ್ನದವರೆಗೆ ₹148ಕ್ಕೆ ಇಳಿದು ಆಸೆ ತೋರಿಸಿತು. ಆಗಲೇ ಕೊಂಡಿದ್ದರೆ ₹400 ಲಾಭ ಕೈಯಲ್ಲಿರುತ್ತಿತ್ತು. ಇನ್ನಷ್ಟು ಇಳಿಯಲಿ ಎಂದು ಕಾದ. ಎರಡು ಗಂಟೆಗೆ ಏನೋ ಸುದ್ದಿ ಬಂದು ಬೆಲೆ ನೇರ ಮೇಲೇರಿ ಅಪ್ಪರ್ ಸರ್ಕ್ಯೂಟ್‌ಗೆ ಬಡಿಯಿತು. ಅಂದರೆ ದಿನದ ಗರಿಷ್ಠ ಮಿತಿ ಮುಟ್ಟಿತು. ಕೊಳ್ಳುವವರು ಸಾಲುಗಟ್ಟಿದ್ದಾರೆ, ಮಾರುವವ ಒಬ್ಬನೂ ಇಲ್ಲ. ಬ್ರೋಕರ್‌ನ ಯಂತ್ರ ಮೂರೂಕಾಲರ ಹೊತ್ತಿಗೆ ತಾನೇ ಕೊಂಡು ಮುಗಿಸಲು ನೋಡಿತು, ಸಿಗಲಿಲ್ಲ. ಮೂರೂವರೆಗೆ ಪೇಟೆ ಮುಚ್ಚಿತು. ಮರುದಿನ ಹರಾಜಿನಲ್ಲಿ ₹175ಕ್ಕೆ ಕೊಂಡರು. ಒಂದಕ್ಕೆ ₹25ರಂತೆ 200ಕ್ಕೆ ₹5,000, ಅದರ ಮೇಲೆ ಶುಲ್ಕ, ತೆರಿಗೆ ಬೇರೆ. ₹400 ಸಾಲದೆನ್ನಿಸಿದವನಿಗೆ ₹5,000 ಹೋಯಿತು.

ಹರಾಜಿನ ಬೆಲೆ ಹಿಂದಿನ ದಿನದ ಮುಕ್ತಾಯದ ಬೆಲೆಗಿಂತ ಶೇ 20ರಷ್ಟು ಮೇಲಕ್ಕೂ ಹೋಗಬಹುದು. ಹರಾಜಿನಲ್ಲೂ ಷೇರು ಸಿಗದೆ ಹೋದರೆ ಲೆಕ್ಕವನ್ನು ಹಣದಲ್ಲೇ ಚುಕ್ತಾ ಮಾಡುತ್ತಾರೆ, ಅದು ಇನ್ನೂ ಕಹಿ. ಆದ್ದರಿಂದ ನನ್ನ ಮಾತು ಕೇಳಿ. ಕೈಯಲ್ಲಿ ಇಲ್ಲದ್ದನ್ನು ಮಾರಬೇಡಿ. ಕಾಯ್ದೆ ಬಿಟ್ಟಿದೆ ಎಂದ ಮಾತ್ರಕ್ಕೆ ಎಲ್ಲವೂ ನಿಮಗೆ ಹೊಂದುವುದಿಲ್ಲ. ಮಳೆಗಾಲದ ಕೃಷ್ಣೆಯಲ್ಲಿ ಈಜಬಾರದೆಂದು ಯಾವ ಕಾನೂನೂ ಹೇಳಿಲ್ಲ, ಆದರೂ ದಂಡೆಯ ಊರವರಾದ ನಾವು ಮಕ್ಕಳನ್ನು ಬಿಡುತ್ತೇವೆಯೇ?

ಇನ್ನೊಂದು ಸಣ್ಣ ಮರೆವು ಇದೇ ಹಳ್ಳಕ್ಕೆ ದೂಡುತ್ತದೆ. ನಿಮ್ಮದೇ ಷೇರು ಮಾರುವಾಗ ಡಿಮ್ಯಾಟ್‌ನಿಂದ ತೆಗೆಯಲು ಟಿಪಿನ್ ಎಂಬ ಗುಪ್ತಸಂಖ್ಯೆ, ಒಟಿಪಿ ಕೊಟ್ಟು ಒಪ್ಪಿಗೆ ಸೂಚಿಸಬೇಕು. ಅದನ್ನು ಅರ್ಧಕ್ಕೆ ಬಿಟ್ಟು ದನ ಕಟ್ಟಲು ಎದ್ದು ಹೋಗಬೇಡಿ. ಪೂರ್ತಿ ಮಾಡಿ ಎದ್ದೇಳಿ. ಕೆಲವು ಷೇರುಗಳು ಟ್ರೇಡ್ ಟು ಟ್ರೇಡ್ ಎಂಬ ವಿಭಾಗದಲ್ಲಿರುತ್ತವೆ. ಅಲ್ಲಿ ಕೊಂಡ ದಿನವೇ ಮಾರುವಂತಿಲ್ಲ, ಡೆಲಿವರಿ ತೆಗೆದುಕೊಳ್ಳಲೇಬೇಕು. ಪೇಟೆ ಅವುಗಳ ಮೇಲೆ ಕಣ್ಣಿಟ್ಟಿದೆ ಎಂಬ ಸೂಚನೆ ಅದು. ಹೊಸಬರು ಆ ಕಡೆ ಹೋಗದಿರುವುದೇ ಕ್ಷೇಮ.

ಹಣದ ಕಡೆಗೂ ಇದೇ ನೇಮ. ಮಾರಿದ ಹಣ ಆ್ಯಪಿನಲ್ಲಿ ಕಂಡ ಕೂಡಲೇ ಅದು ನಿಮ್ಮ ಜೇಬಿಗೆ ಬಂತೆಂದು ತಿಳಿಯಬೇಡಿ. ಅದರಲ್ಲಿ ಎಷ್ಟು ಭಾಗದಿಂದ ಅದೇ ದಿನ ಬೇರೆ ಷೇರು ಕೊಳ್ಳಬಹುದು ಎಂಬುದನ್ನು ನಿಮ್ಮ ಬ್ರೋಕರ್‌ನ ನಿಯಮದಲ್ಲಿ ನೋಡಿಕೊಳ್ಳಿ. ಬ್ಯಾಂಕಿಗೆ ಎಳೆದುಕೊಳ್ಳಲು ಸೆಟಲ್‌ಮೆಂಟ್ ಮುಗಿಯಲೇಬೇಕು. ನಾಳೆ ಬೀಜ, ಗೊಬ್ಬರದ ಅಂಗಡಿಗೆ ರೊಕ್ಕ ಕೊಡಬೇಕಾಗಿದ್ದರೆ ಇಂದು ಮಧ್ಯಾಹ್ನ ಮಾರಿ ಓಡಾಡುವುದಲ್ಲ, ಎರಡು ಮೂರು ದಿನ ಮೊದಲೇ ಮಾರಿಡಿ. ಖಾತೆಯಲ್ಲಿ ಬಾಕಿ ಉಳಿಸಿಕೊಂಡರೆ ಬ್ರೋಕರ್ ಬಡ್ಡಿ ಹಾಕುತ್ತಾನೆ, ಕೊನೆಗೆ ನಿಮ್ಮ ಷೇರನ್ನೇ ಮಾರುತ್ತಾನೆ. ಮಾರುವ ಹೊತ್ತನ್ನು ಅವನು ಆರಿಸುತ್ತಾನೆ, ನೀವಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರೆ ನಿಮಗೆ ಹಳೆಯ ಮಾತಾಗಿ ಕೇಳುತ್ತದೆ. ಲೆಕ್ಕದಲ್ಲಿ ಹೇಳುತ್ತೇನೆ. ಒಂದೇ ದಿನದಲ್ಲಿ ಕೊಂಡು ಮಾರುವ ಇಂಟ್ರಾಡೇಯಲ್ಲಿ ಕನಿಷ್ಠ ಶೇ 20 ಮಾರ್ಜಿನ್, ಅಂದರೆ ಮುಂಗಡ, ಇಟ್ಟರೆ ಸಾಕು, ಹಾಗಾಗಿ ₹20,000 ಇದ್ದವನು ₹1 ಲಕ್ಷದ ವ್ಯಾಪಾರ ಮಾಡಬಹುದು. ಬೆಲೆ ಶೇ 2 ಇಳಿದರೆ ಹೋಗುವುದು ₹2,000. ಅದು ಲಕ್ಷದಲ್ಲಿ ಶೇ 2 ಇರಬಹುದು, ಆದರೆ ನಿಮ್ಮ ಸ್ವಂತ ಹಣದಲ್ಲಿ ಶೇ 10. ಮೊದಲು ಬ್ರೋಕರ್‌ಗಳು ಇದಕ್ಕಿಂತ ಬಹಳ ಹೆಚ್ಚು ಪಟ್ಟು ಕೊಡುತ್ತಿದ್ದರು. ಅದನ್ನು ಕಂಡೇ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2020ರ ಡಿಸೆಂಬರ್‌ನಿಂದ 2021ರ ಸೆಪ್ಟೆಂಬರ್‌ವರೆಗೆ ಹಂತ ಹಂತವಾಗಿ ಕಡಿವಾಣ ಹಾಕಿತು. 2024ರಲ್ಲಿ ಅದೇ ಸೆಬಿ ಒಂದು ಅಧ್ಯಯನ ಹೊರತಂದಿತು. 2022–23ರಲ್ಲಿ ನಗದು ವಿಭಾಗದಲ್ಲಿ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಜನ ನಷ್ಟ ಅನುಭವಿಸಿದ್ದರು. ಮೂವತ್ತರೊಳಗಿನ ವಯಸ್ಸಿನವರಲ್ಲಿ ನಷ್ಟಕ್ಕೊಳಗಾದವರು ಶೇ 76. ಚಹಾದಂಗಡಿ ಮುಂದೆ ನಿಂತಿರುವ ನಮ್ಮ ಹುಡುಗರ ವಯಸ್ಸೇ ಅದು. ದಿನಗೂಲಿಗೆ ಹೋಗಿ ಹತ್ತರಲ್ಲಿ ಏಳು ಜನ ಕೂಲಿ ಕಳೆದುಕೊಂಡು ಬರುವ ಹೊಲಕ್ಕೆ ನೀವು ಮಗನನ್ನು ಕಳಿಸುತ್ತೀರಾ?

ಅಮೆರಿಕಕ್ಕೆ ಹೋದ ನಮ್ಮ ಕಡೆಯ ಮಕ್ಕಳಿಗೂ ಇಲ್ಲಿ ಒಂದು ಮಾತು ಇದೆ. ಅಲ್ಲಿ ಸಾಲವಿಲ್ಲದ ಕ್ಯಾಶ್ ಅಕೌಂಟ್ ಇಟ್ಟುಕೊಂಡು ನಾವು ಸುರಕ್ಷಿತ ಎಂದುಕೊಂಡಿರುತ್ತೀರಿ. ಆದರೆ ಅಲ್ಲಿಯ ಕಾಯ್ದೆ ಇನ್ನೂ ಬಿಗಿ. ಅಲ್ಲಿ ಟಿ+1 ಬಂದದ್ದು 2024ರ ಮೇ 28ಕ್ಕೆ, ನಮಗಿಂತ ಒಂದು ವರ್ಷ ನಾಲ್ಕು ತಿಂಗಳು ತಡವಾಗಿ. ಸೋಮವಾರ ಒಂದು ಷೇರು ಮಾರಿ, ಆ ಹಣ ಸೆಟಲ್ ಆಗುವ ಮುಂಚೆಯೇ ಅದರಿಂದ ಇನ್ನೊಂದನ್ನು ಕೊಂಡು, ಅದನ್ನೂ ಸೋಮವಾರವೇ ಮಾರಿದರೆ ಗುಡ್ ಫೇತ್ ವಯಲೇಶನ್ ಆಯಿತು. ಕೊಳ್ಳುವುದು ತಪ್ಪಲ್ಲ, ಹಣ ಬಂದು ಸೇರುವ ಮೊದಲೇ ಮಾರುವುದು ತಪ್ಪು. ಹನ್ನೆರಡು ತಿಂಗಳಲ್ಲಿ ಹೀಗೆ ಕೆಲವು ಸಲ ಆದರೆ ಸಾಮಾನ್ಯವಾಗಿ ಬ್ರೋಕರ್‌ಗಳು 90 ದಿನ ಖಾತೆಗೆ ನಿರ್ಬಂಧ ಹಾಕುತ್ತಾರೆ. ಆಗ ಸೆಟಲ್ ಆದ ಹಣ ಇದ್ದರೆ ಮಾತ್ರ ಕೊಳ್ಳಬಹುದು. ಹಣವೇ ಕಟ್ಟದೆ ಕೊಂಡು, ಅದನ್ನೇ ಮಾರಿ ಬಂದ ದುಡ್ಡಿನಿಂದ ಕಟ್ಟುವುದಕ್ಕೆ ಫ್ರೀ ರೈಡಿಂಗ್ ಎಂಬ ಹೆಸರು. ಅಲ್ಲಿನ ಫೆಡರಲ್ ರಿಸರ್ವ್‌ನ ರೆಗ್ಯುಲೇಶನ್ ಟಿ ಪ್ರಕಾರ ಅದಕ್ಕೂ 90 ದಿನದ ತಡೆ ಬೀಳುತ್ತದೆ. ದೇಶ ಬೇರೆ, ಹೆಸರು ಬೇರೆ, ಮೂಲ ತಪ್ಪು ಮಾತ್ರ ನಮ್ಮ ಓಣಿಯ ಹುಡುಗನದೇ. ಆ್ಯಪಿನಲ್ಲಿ ಸೆಟಲ್ಡ್ ಕ್ಯಾಶ್ ಎಂಬ ಸಾಲು ಬೇರೆಯಾಗಿಯೇ ಇರುತ್ತದೆ. ಕೊಳ್ಳುವ ಮೊದಲು ಅದನ್ನೇ ನೋಡಿ.

ವಿದೇಶಕ್ಕೆ ಹೋದವರು ಇಲ್ಲಿ ಬಿಟ್ಟು ಹೋದ ಖಾತೆಯ ವಿಷಯದಲ್ಲೂ ಬಹಳ ಅಸಡ್ಡೆ ಮಾಡುತ್ತೀರಿ. ನೀವು ಎನ್‌ಆರ್‌ಐ ಆದ ಮೇಲೆ ಹಳೆಯ ಡಿಮ್ಯಾಟ್ ಮತ್ತು ಟ್ರೇಡಿಂಗ್ ಖಾತೆಯನ್ನು ಎನ್‌ಆರ್‌ಐ ಖಾತೆಯಾಗಿ ಬದಲಿಸಬೇಕು. ಅದನ್ನು ಬಿಟ್ಟು ಪಾಸ್‌ವರ್ಡ್ ಅಪ್ಪನ ಕೈಗೆ ಕೊಟ್ಟು ವ್ಯವಹಾರ ಮುಂದುವರಿಸಿದರೆ ಅದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಉಲ್ಲಂಘನೆ. ಎನ್‌ಆರ್‌ಐಗಳಿಗೆ ಇಲ್ಲಿ ಇಂಟ್ರಾಡೇ ಇಲ್ಲ, ಬಿಟಿಎಸ್‌ಟಿಯೂ ಇಲ್ಲ, ಡೆಲಿವರಿ ತೆಗೆದುಕೊಂಡೇ ಮಾರಬೇಕು. ವಯಸ್ಸಾದ ಅಪ್ಪ ಅವ್ವನನ್ನು ಕಾಯ್ದೆಯ ತೊಡಕಿಗೆ ಸಿಕ್ಕಿಸಬೇಡಿ. ಮುಂದಿನ ಸಲ ಊರಿಗೆ ಬಂದಾಗ ಮೊದಲ ವಾರವೇ ಈ ಕೆಲಸ ಮುಗಿಸಿ.

ಈಗ ನನ್ನ ನಿದ್ದೆಗೆಡಿಸುವ ವಿಷಯಕ್ಕೆ ಬರುತ್ತೇನೆ. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಭಾಗ ಹೊಲ ಕೊಟ್ಟಿದೆ, ಮನೆ ಕೊಟ್ಟಿದೆ. ಅಣೆಕಟ್ಟೆಯನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸುವ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದರ ಗೊತ್ತು ಮಾಡಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ ₹40 ಲಕ್ಷ, ಒಣ ಬೇಸಾಯದ್ದಕ್ಕೆ ₹30 ಲಕ್ಷ. ಅಂಥ ಹಣ ಬರುವ ಸುದ್ದಿ ಹಬ್ಬಿದರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತುವವರಿದ್ದಾರೆ. "ನಿಮ್ಮ ಡಿಮ್ಯಾಟ್ ನಮ್ಮ ಕೈಗೆ ಕೊಡ್ರಿ, ತಿಂಗಳಿಗೆ ಇಷ್ಟು ಗ್ಯಾರಂಟಿ" ಎನ್ನುತ್ತಾರೆ. ಷೇರುಪೇಟೆಯಲ್ಲಿ ಗ್ಯಾರಂಟಿ ಲಾಭದ ಮಾತೇ ಕಾಯ್ದೆಬಾಹಿರ. ಖಾತೆ ನಿಮ್ಮದಾದ ಮೇಲೆ ಅದರಲ್ಲಿ ನಡೆದ ಪ್ರತಿ ತಪ್ಪಿಗೂ ಉತ್ತರ ಕೊಡಬೇಕಾದವರು ನೀವೇ, ಬಟನ್ ಒತ್ತಿದವನು ಆ ಹೊತ್ತಿಗೆ ಊರು ಬಿಟ್ಟಿರುತ್ತಾನೆ. ಪಾಸ್‌ವರ್ಡ್, ಟಿಪಿನ್, ಒಟಿಪಿ ಮೂರನ್ನೂ ಯಾರಿಗೂ ಹೇಳಬೇಡಿ, ಬೀಗರ ಕಡೆಯವರಾದರೂ ಸರಿ. ಕುರಿ ಕಾಯಲು ತೋಳನನ್ನು ನೇಮಿಸಬೇಡಿ.

ನಗದು ಹಣ ಕೇಳಿದರಂತೂ ಅಲ್ಲಿಂದ ಎದ್ದು ಬನ್ನಿ. ನೋಂದಾಯಿತ ಬ್ರೋಕರ್ ಷೇರಿಗಾಗಿ ನಗದು ತೆಗೆದುಕೊಳ್ಳುವಂತಿಲ್ಲ. ಹಣ ಹೋಗಬೇಕಾದದ್ದು ನಿಮ್ಮ ಹೆಸರಿನ, ನೀವು ನೋಂದಾಯಿಸಿದ ಬ್ಯಾಂಕ್ ಖಾತೆಯಿಂದಲೇ. ತಮ್ಮನ ಖಾತೆಯಿಂದಲೋ ಗೆಳೆಯನ ಫೋನ್‌ಪೇಯಿಂದಲೋ ಹಾಕಿದರೆ ತಿರಸ್ಕಾರವಾಗುತ್ತದೆ. ಚೀಟಿಯ ಮೇಲೆ ಬರೆದುಕೊಂಡು ಎಕ್ಸ್‌ಚೇಂಜಿನ ಹೊರಗೆ ನಡೆಸುವ ಡಬ್ಬಾ ಟ್ರೇಡಿಂಗ್ ಅಪರಾಧ. ಅಲ್ಲಿ ಹಣ ಮುಳುಗಿದರೆ ದೂರು ಕೇಳುವವರೇ ಇರುವುದಿಲ್ಲ.

ಕಾರ್ಖಾನೆಯಲ್ಲಿ ನೌಕರಿ ಮಾಡುವವರಿಗೂ ಒಂದು ಮಾತು. ನಮ್ಮ ಜಿಲ್ಲೆಯ ಸಮೀರವಾಡಿಯಲ್ಲಿ ಘಟಕವಿರುವ ಗೋದಾವರಿ ಬಯೋರಿಫೈನರೀಸ್ 2024ರ ಅಕ್ಟೋಬರ್‌ನಲ್ಲಿ ಷೇರುಪೇಟೆಗೆ ಬಂತು. ಹೀಗೆ ಪೇಟೆಯಲ್ಲಿರುವ ಯಾವುದೇ ಕಂಪನಿಯ ಒಳಗಿದ್ದು, ಲೆಕ್ಕಪತ್ರ ಹೊರಬೀಳುವ ಮುಂಚೆ ತಿಳಿದ ಸುದ್ದಿಯ ಮೇಲೆ ನೀವು ಷೇರು ಕೊಳ್ಳುವುದಾಗಲಿ, ಬೀಗರಿಗೆ ಫೋನ್ ಮಾಡಿ ಕೊಳ್ಳಿ ಎನ್ನುವುದಾಗಲಿ ಇನ್‌ಸೈಡರ್ ಟ್ರೇಡಿಂಗ್ ಎನಿಸುತ್ತದೆ. ಊಟಕ್ಕೆ ಕೂತಾಗ ಆಡುವ ಮಾತೆಂದು ಹಗುರವಾಗಿ ತಿಳಿಯಬೇಡಿ.

ಕಾಗದ ಓದುವ ರೂಢಿಯನ್ನು ಇಂದಿನಿಂದಲೇ ಮಾಡಿಕೊಳ್ಳಿ. ವ್ಯವಹಾರ ಮಾಡಿದ 24 ಗಂಟೆಯೊಳಗೆ ಕಾಂಟ್ರಾಕ್ಟ್ ನೋಟ್ ನಿಮ್ಮ ಇ-ಮೇಲ್‌ಗೆ ಬರುತ್ತದೆ. ಏನು ಕೊಂಡಿರಿ, ಯಾವ ಬೆಲೆಗೆ, ಎಷ್ಟು ಶುಲ್ಕ ಎಲ್ಲ ಅದರಲ್ಲಿದೆ. ನೀವು ಮಾಡದ ವ್ಯವಹಾರ ಅದರಲ್ಲಿ ಕಂಡರೆ ಅದೇ ದಿನ ಬ್ರೋಕರ್‌ಗೆ ಬರಹದಲ್ಲಿ ತಿಳಿಸಿ. ಫೋನಿನಲ್ಲಿ ಜಗಳವಾಡಿ ಸುಮ್ಮನಾದರೆ ಸಾಕ್ಷಿ ಉಳಿಯುವುದಿಲ್ಲ. ನಿಮ್ಮ ಷೇರುಗಳನ್ನು ಇಟ್ಟುಕೊಂಡಿರುವ ಡೆಪಾಸಿಟರಿಯಿಂದ ಬರುವ ಸಂದೇಶಗಳನ್ನು ಜಾಹೀರಾತೆಂದು ಅಳಿಸಬೇಡಿ. ಮೊಬೈಲ್ ನಂಬರ್ ಬದಲಾದರೆ ಮೊದಲು ಅಲ್ಲಿ ಬದಲಿಸಿ. ಬಳಸದೆ ಬಿದ್ದ ಹಣವನ್ನು ಬ್ರೋಕರ್ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ನೀವು ಆರಿಸಿದಂತೆ, ನಿಮ್ಮ ಬ್ಯಾಂಕಿಗೆ ಹಿಂದಿರುಗಿಸಬೇಕು. ಅದು ಬಂತೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ.

ಇಷ್ಟೆಲ್ಲ ಯಾಕೆ ಎನ್ನುವವರು 2019ರ ನವೆಂಬರ್ ನೆನಪಿಸಿಕೊಳ್ಳಿ. ಕಾರ್ವಿ ಸ್ಟಾಕ್ ಬ್ರೋಕಿಂಗ್ ಎಂಬ ದೊಡ್ಡ ಸಂಸ್ಥೆ ಗ್ರಾಹಕರ ಷೇರುಗಳನ್ನು ಅಡವಿಟ್ಟು ತನಗೆ ಸಾಲ ತೆಗೆದದ್ದು ಬಯಲಾಗಿ ಸೆಬಿ ಅದರ ಮೇಲೆ ಆದೇಶ ಹೊರಡಿಸಿತು. ಗ್ರಾಹಕರು ಕಣ್ಣುಮುಚ್ಚಿ ಸಹಿ ಹಾಕಿಕೊಟ್ಟ ಪವರ್ ಆಫ್ ಅಟಾರ್ನಿಯೇ ಅಲ್ಲಿ ದಾರಿಯಾಗಿತ್ತು. ಆಮೇಲೆ ನಿಯಮಗಳು ಬಿಗಿಯಾದವು. ಈಗ ಮಾರ್ಜಿನ್‌ಗಾಗಿ ಷೇರು ಅಡವಿಡಬೇಕಾದರೆ ನಿಮ್ಮ ಒಟಿಪಿ ಬೇಕೇ ಬೇಕು. ಹಾಗಿರುವಾಗ ನೀವೇ ಒಟಿಪಿ ಹೇಳಿಬಿಟ್ಟರೆ, ಕಾಯ್ದೆ ಹಾಕಿದ ಬೀಗವನ್ನು ನೀವೇ ತೆಗೆದುಕೊಟ್ಟಂತೆ.

ತಪ್ಪು ಆಗಿಯೇ ಹೋಗಿದ್ದರೆ ಮುಚ್ಚಿಡಬೇಡಿ. ಅದನ್ನು ತುಂಬಲು ಇನ್ನೊಂದು ದೊಡ್ಡ ವ್ಯವಹಾರಕ್ಕೆ ಕೈಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಅಂದೇ ಮನೆಯವರಿಗೆ ಹೇಳಿ. ಬ್ರೋಕರ್‌ಗೆ ಬರೆದು ಲೆಕ್ಕ ಕೇಳಿ. ಉತ್ತರ ಸರಿಬಾರದಿದ್ದರೆ ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ ದೂರು ಕೊಡಬಹುದು, ವಕೀಲರು ಬೇಕಿಲ್ಲ. ಸೆಬಿಯ ಉಚಿತ ಸಹಾಯವಾಣಿ 1800 22 7575. ಆನ್‌ಲೈನ್ ವಂಚನೆಯಾಗಿದ್ದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಫೋನ್ ಮಾಡಿ. ಈ ಎರಡೂ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ ಇವತ್ತೇ ಬರೆದಿಡಿ.